ಹೆಬ್ಬಾಳಕ್ಕೆ ಇನ್ನೊಂದು ಲೂಪ್ ಬಂತು. ಜಾಮ್ ಕರಗಿತಾ, ಮೇಕ್ರಿ ಸರ್ಕಲ್‌ಗೆ ಹೋಯ್ತಾ?

ಕೊಡಿಗೇಹಳ್ಳಿ ಕಿಟ್ಟಿ

ಬೆಂಗಳೂರಿನಲ್ಲಿ ಹೆಬ್ಬಾಳದ ಆಚೆ ಇರುವವರಿಗೆಲ್ಲ ಗೊತ್ತಿರುವ ವಿಷಯ. 2025ರ ಆಗಸ್ಟ್‌ನಲ್ಲಿ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಅಲ್ಲಿನ ಫ್ಲೈಓವರ್‌ಗೆ ಹೊಸ ಲೂಪ್, ಅಂದರೆ ಪಕ್ಕದಿಂದ ಬಂದು ಸೇರುವ ಸೇತುವೆ ರಸ್ತೆ, ತೆರೆಯಿತು. ನಾಗವಾರದ ಕಡೆಯಿಂದ ಬರುವವರು ಈಗ ಮುಖ್ಯ ಫ್ಲೈಓವರ್‌ನ ನೂಕುನುಗ್ಗಲಿಗೆ ಸೇರದೆ ಮೇಕ್ರಿ ಸರ್ಕಲ್ ಕಡೆ ಇಳಿಯಬಹುದು. ಹೆಬ್ಬಾಳದಲ್ಲಿ ಗಾಡಿ ಸ್ವಲ್ಪ ಓಡುತ್ತೆ, ಅದು ನಿಜ. ಆದರೆ ಮುಂದೆ ಹೋಗಿ ಮೇಕ್ರಿ ಸರ್ಕಲ್‌ನಲ್ಲಿ ನಿಲ್ಲುತ್ತೇವೆ ಅಲ್ವಾ?

ನನ್ನ ಪ್ರಶ್ನೆ ಇಷ್ಟೇ. ಒಂದು ಊರು ಬೆಳೆಯುತ್ತಿರುವಾಗ ಇಲ್ಲಿ ಸೇತುವೆ ಬೇಕು, ಇಲ್ಲಿ ಮೆಟ್ರೋ ಬೇಕು ಎಂದು ಯಾವ ಲೆಕ್ಕದಲ್ಲಿ ನಿರ್ಧಾರ ಮಾಡುತ್ತಾರೆ? ಹೆಬ್ಬಾಳ ಫ್ಲೈಓವರ್ ತೆರೆದದ್ದು 2003ರಲ್ಲಿ. ಆಗ ನಾವೆಲ್ಲ ಸಂಭ್ರಮ ಪಟ್ಟಿದ್ದೆವು. ಆಮೇಲಿಂದ ಅದಕ್ಕೆ ತೇಪೆ ಹಾಕುತ್ತಲೇ ಇದ್ದಾರೆ. ಗೊತ್ತಿರುವವರು ಬಿಡಿಸಿ ಹೇಳಿ. ರಾಜಕೀಯ ಬೈಗುಳ ಬೇಡ, ಅದಕ್ಕೆ ಬೇರೆ ಕಡೆ ಜಾಗ ಇದೆ.

ಸ್ಟೀರಿಂಗ್ ಹಿಡಿದವ

ಇದರಲ್ಲಿ ಬಿಡಿಸಿ ಹೇಳೋದಕ್ಕೆ ಏನಿದೆ? ಗಾಡಿ ಜಾಸ್ತಿ, ರಸ್ತೆ ಕಡಿಮೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನ ಒಂದು ಕೋಟಿ ದಾಟಿ ಎಷ್ಟೋ ಕಾಲವಾಯಿತು. ಇನ್ನೂ ಫ್ಲೈಓವರ್ ಕಟ್ಟಬೇಕು. ಎಲೆಕ್ಟ್ರಾನಿಕ್ಸ್ ಸಿಟಿ ಎತ್ತರದ ರಸ್ತೆ ನೋಡಿ. ಸುಮಾರು 10 ಕಿ.ಮೀ., 2010ರಲ್ಲಿ ತೆರೆದರು. ಅದು ಇಲ್ಲದೆ ಹೊಸೂರು ರಸ್ತೆ ಏನಾಗುತ್ತಿತ್ತು, ಯೋಚನೆ ಮಾಡಿ.

ರಿಟೈರ್ಡ್ ಎಇಇ

ಕಿಟ್ಟಿಯವರೇ, ಒಳ್ಳೆ ಪ್ರಶ್ನೆ. ಸ್ವಲ್ಪ ಉದ್ದವಾಗುತ್ತೆ, ಕ್ಷಮಿಸಿ. ಎಇಇ, ಅಂದರೆ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಆಗಿದ್ದೆ; ನನ್ನ ಕೆಲಸದ ಕಾಲವೆಲ್ಲ ರಸ್ತೆ, ಸೇತುವೆಯಲ್ಲೇ ಕಳೆಯಿತು. ಹೆಬ್ಬಾಳದ್ದು ನನ್ನದಲ್ಲ, ಮೊದಲೇ ಹೇಳಿಬಿಡುತ್ತೇನೆ.

ಹೆಬ್ಬಾಳ ಕಟ್ಟುವಾಗ ಅಲ್ಲಿದ್ದ ಸಮಸ್ಯೆ ಬೇರೆ. ಒಂದು ಕಡೆ ಬಳ್ಳಾರಿ ರಸ್ತೆ, ಇನ್ನೊಂದು ಕಡೆ ಹೊರವರ್ತುಲ ರಸ್ತೆ. ಪಕ್ಕದಲ್ಲಿ ಕೆರೆ, ಜೊತೆಗೆ ರೈಲು ಹಳಿ. ಎರಡು ರಸ್ತೆಯ ಗಾಡಿಗಳು ಸಿಗ್ನಲ್ ಇಲ್ಲದೆ ದಾಟಿದರೆ ಸಾಕಿತ್ತು. ಅಷ್ಟಕ್ಕೆ ಆ ಫ್ಲೈಓವರ್ ಸರಿಯಾಗಿಯೇ ಇತ್ತು. ವಿಮಾನ ನಿಲ್ದಾಣ ಆಗ ಎಚ್‌ಎಎಲ್‌ನಲ್ಲಿತ್ತು. 2008ರ ಮೇ ತಿಂಗಳಲ್ಲಿ ಅದು ದೇವನಹಳ್ಳಿಗೆ ಹೋಯಿತು. ಊರಿನ ಉತ್ತರಕ್ಕೆ ಹೋಗುವ ಒಂದು ರಸ್ತೆ ಇದ್ದಕ್ಕಿದ್ದಂತೆ ಇಡೀ ಊರಿನ ಹೆಬ್ಬಾಗಿಲಾಯಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ದೇವನಹಳ್ಳಿಗೆ ವಿಮಾನ ನಿಲ್ದಾಣ ತರುವ ಮಾತು 2003ರಲ್ಲಿ ಗುಟ್ಟೇನೂ ಆಗಿರಲಿಲ್ಲ. 1990ರ ದಶಕದಿಂದಲೂ ಓಡಾಡುತ್ತಿತ್ತು. ಆದರೆ ಅದನ್ನು ನೋಡಿಕೊಳ್ಳುವವರು ಬೇರೆ, ಫ್ಲೈಓವರ್ ಕಟ್ಟುವವರು ಬೇರೆ. ಇಬ್ಬರ ನಕ್ಷೆಯನ್ನೂ ಒಂದೇ ಮೇಜಿನ ಮೇಲೆ ಹರಡಿ ನೋಡುವ ಕೆಲಸ ಯಾರದ್ದೂ ಆಗಿರಲಿಲ್ಲ.

ಆಮೇಲೆ ಹೆದ್ದಾರಿಯವರು ಹೆಬ್ಬಾಳದಿಂದ ಆಚೆಗೆ ಎತ್ತರದ ರಸ್ತೆ ಕಟ್ಟಿದರು. ಯಲಹಂಕದ ಕಡೆಯಿಂದ ಗಾಡಿಗಳು ಒಂದು ಸಿಗ್ನಲ್ಲೂ ಇಲ್ಲದೆ ಹಾರಿಕೊಂಡು ಬಂದು ಹೆಬ್ಬಾಳಕ್ಕೆ ಬೀಳುತ್ತವೆ. ಬರುವ ಲೇನ್ ಜಾಸ್ತಿ, ಫ್ಲೈಓವರ್ ಮೇಲಿನ ಲೇನ್ ಕಡಿಮೆ. ಸಾಲದ್ದಕ್ಕೆ ಲೂಪ್‌ಗಳು ಮಧ್ಯದಲ್ಲಿ ಬಂದು ಸೇರುತ್ತವೆ. ಎಡದವನು ಬಲಕ್ಕೆ ಬರಬೇಕು, ಬಲದವನು ಎಡಕ್ಕೆ ಇಳಿಯಬೇಕು. ಈ ಅಡ್ಡಾಟಕ್ಕೆ ಉದ್ದದ ಜಾಗ ಬೇಕು. ಅದು ಅಲ್ಲಿ ಇಲ್ಲ. ಸೇತುವೆ ಎಷ್ಟು ಅಗಲ ಎಂದು ಎಲ್ಲರೂ ಕೇಳುತ್ತಾರೆ. ಗಾಡಿ ಹತ್ತುವ ಜಾಗ, ಇಳಿಯುವ ಜಾಗ ಹೇಗಿದೆ ಅನ್ನೋದೇ ಜಾಮ್ ತೀರ್ಮಾನಿಸುತ್ತೆ. ಹೊಸ ಲೂಪ್ ಒಂದು ಸೇರುವ ಜಾಗವನ್ನು ಮುಂದಕ್ಕೆ ತಳ್ಳಿತು. ಮೇಕ್ರಿ ಸರ್ಕಲ್‌ನಲ್ಲಿ ರಸ್ತೆ ಅಗಲವಾಗಲಿಲ್ಲವಲ್ಲ.

ಸ್ಟೀರಿಂಗ್ ಹಿಡಿದವ

ಸರ್, ಹಾಗಾದರೆ ಮೇಕ್ರಿ ಸರ್ಕಲ್‌ಗೂ ಒಂದು ಕಟ್ಟಿ. ಅಲ್ಲಿಂದ ಮುಂದಕ್ಕೂ ಕಟ್ಟಿ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸ್ಟೀಲ್ ಬ್ರಿಡ್ಜ್ ಬರಬೇಕಿತ್ತು, 6.7 ಕಿ.ಮೀ. ಜನ ಸರಪಳಿ ಕಟ್ಟಿ ನಿಂತು ಬೇಡ ಅಂದರು. 2017ರಲ್ಲಿ ಕೈಬಿಟ್ಟರು. ಈಗ ಅದೇ ಜನ ಜಾಮ್ ಅಂತ ಅಳುತ್ತಾರೆ.

ಪ್ಲಾನಿಂಗ್ ಓದುವವಳು

ಆ ಸೇತುವೆಗೆ 800ಕ್ಕೂ ಹೆಚ್ಚು ಮರ ಹೋಗುತ್ತಿದ್ದವು, ಖರ್ಚಿನ ಅಂದಾಜು 1,791 ಕೋಟಿ. ಮರದ ಮಾತು ಬಿಡಿ ಅಂದುಕೊಂಡರೂ, ಇನ್ನೊಂದು ತುದಿ ಎಲ್ಲಿ ಇಳಿಯುತ್ತಿತ್ತು? ಬಸವೇಶ್ವರ ವೃತ್ತದಲ್ಲಿ. ಅಲ್ಲಿ ಈಗಲೇ ಎಷ್ಟು ಜಾಗ ಇದೆ? ಮೇಲಿನ ಎಇಇ ಸರ್ ಹೇಳಿದ ಅದೇ ಕಥೆ, ನಗರದ ನಡುಮಧ್ಯಕ್ಕೆ ಬಂದಿರುತ್ತಿತ್ತು.

ಹೊಸ ರಸ್ತೆ ಬಂದರೆ ಹೊಸ ಪ್ರಯಾಣವೂ ಹುಟ್ಟುತ್ತೆ. ಮೊದಲು ಬಸ್ಸಲ್ಲಿ ಹೋಗುತ್ತಿದ್ದವನು ಗಾಡಿ ತೆಗೆಯುತ್ತಾನೆ. ಬೆಳಗ್ಗೆ ಏಳಕ್ಕೆ ಹೊರಡುತ್ತಿದ್ದವನು ಒಂಬತ್ತಕ್ಕೆ ಹೊರಡುತ್ತಾನೆ. ಹತ್ತಿರ ಮನೆ ನೋಡುತ್ತಿದ್ದವನು ದೂರದ ಲೇಔಟ್‌ನಲ್ಲಿ ಸೈಟ್ ತೆಗೆಯುತ್ತಾನೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇಯನ್ನು 2008ರ ಹೊತ್ತಿಗೆ ಕೆಲವು ಕಡೆ ಸರ್ವಿಸ್ ರಸ್ತೆ ಸೇರಿ 26 ಲೇನ್‌ವರೆಗೆ ಅಗಲ ಮಾಡಿದರು. ಕೆಲವೇ ವರ್ಷಗಳಲ್ಲಿ ಮತ್ತೆ ಜಾಮ್. ನಮ್ಮಲ್ಲಿ 26 ಲೇನ್‌ಗೆ ಜಾಗ ಮಾಡಬೇಕಾದರೆ ಒಂದು ಬಡಾವಣೆಯನ್ನೇ ಎತ್ತಬೇಕು.

ಸ್ಟೀರಿಂಗ್ ಹಿಡಿದವ

ಮೇಡಂ, ಬಸ್ಸಲ್ಲಿ ಹೋಗುತ್ತಿದ್ದವನು ಗಾಡಿ ತೆಗೆದರೆ ಅದು ತಪ್ಪಾ? ಅವನ ಜೀವನ ಸುಧಾರಿಸಿತು. ಎಪ್ಪತ್ತು ವರ್ಷದ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದರೆ ಮೆಟ್ರೋ ಮೆಟ್ಟಿಲು ಹತ್ತಿಸಲಾ? ಥಿಯರಿ ಹೇಳುವುದು ಸುಲಭ.

ಪ್ಲಾನಿಂಗ್ ಓದುವವಳು

ತಪ್ಪು ಅಂತ ನಾನು ಹೇಳಲಿಲ್ಲ. ನಿಮ್ಮ ತಾಯಿಗೆ ಕಾರು ಬೇಕೇ ಬೇಕು. ಆ ಕಾರಿಗೆ ದಾರಿ ಸಿಗಬೇಕಾದರೆ ಒಬ್ಬೊಬ್ಬರೇ ಕಾರಲ್ಲಿ ಆಫೀಸಿಗೆ ಹೋಗುವವರು ಬೇರೆ ಏನಾದರೂ ಹತ್ತಬೇಕು.

ರಿಟೈರ್ಡ್ ಎಇಇ

ಲೆಕ್ಕ ಹಾಕಿ ನೋಡಿ, ಜಗಳ ಅರ್ಧ ಕಡಿಮೆಯಾಗುತ್ತೆ. ಸಿಗ್ನಲ್ ಇಲ್ಲದ ಒಂದು ಲೇನ್‌ನಲ್ಲಿ ಗಂಟೆಗೆ ಹೆಚ್ಚೆಂದರೆ 1,800 ರಿಂದ 2,000 ಕಾರು ಹೋಗುತ್ತವೆ. ಒಂದು ಕಾರಿಗೆ ಒಂದೂವರೆ ಜನ ಅಂತ ಇಟ್ಟುಕೊಂಡರೆ ಮೂರು ಸಾವಿರ ಜನ. ಅದೇ ಲೇನ್‌ನಲ್ಲಿ ನಿಮಿಷಕ್ಕೊಂದು ಬಸ್, ಬಸ್ಸಿಗೆ ಅರವತ್ತು ಜನ ಎಂದರೆ 3,600. ಬಸ್ಸುಗಳ ಮಧ್ಯೆ ಲೇನ್ ಬಹುಪಾಲು ಖಾಲಿ ಕಾಣುತ್ತಿರುತ್ತೆ. ಅದನ್ನು ನೋಡಿ ಕಾರಿನವರಿಗೆ ಹೊಟ್ಟೆ ಉರಿಯುತ್ತೆ, ಅದು ಬೇರೆ ಮಾತು. ಆರು ಬೋಗಿಯ ಮೆಟ್ರೋದಲ್ಲಿ ಕಿಕ್ಕಿರಿದರೆ ಎರಡು ಸಾವಿರದ ಹತ್ತಿರ ಜನ ಹಿಡಿಯುತ್ತಾರೆ. ಮೂರು ನಿಮಿಷಕ್ಕೊಂದು ರೈಲು ಬಿಟ್ಟರೆ ಒಂದು ದಿಕ್ಕಿಗೆ ಗಂಟೆಗೆ 40 ಸಾವಿರ.

ಆದರೆ ಇದೇ ಲೆಕ್ಕವನ್ನು ತಿರುಗಿಸಿಯೂ ನೋಡಬೇಕು. ಹಳದಿ ಮಾರ್ಗ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ, 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. 19 ಕಿ.ಮೀ., 16 ಸ್ಟೇಷನ್. ಕಂಬ, ಹಳಿ ಎಲ್ಲ ಮೊದಲೇ ತಯಾರಾಗಿ ನಿಂತಿತ್ತು. ರೈಲು ಬರುವುದು ತಡವಾಯಿತು. ಶುರುವಾದಾಗ ಮೂರೇ ರೈಲು, 25 ನಿಮಿಷಕ್ಕೊಂದು. ಆ ಲೆಕ್ಕದಲ್ಲಿ ಗಂಟೆಗೆ ಐದು ಸಾವಿರ ಜನವೂ ಇಲ್ಲ. ಕಂಬದ ಮೇಲೆ ಸುರಿದ ಹಣಕ್ಕೆ ರೈಲು ಓಡಿದರೇ ಬೆಲೆ. ಇದನ್ನು ನಮ್ಮ ಸಿವಿಲ್‌ನವರು ಒಪ್ಪುವುದಿಲ್ಲ, ನಾನೂ ಸಿವಿಲ್‌ನವನೇ.

ಓಆರ್‌ಆರ್‌ನಲ್ಲಿ ಬಸವಳಿದವಳು

ಸರ್ ಬಸ್ ಲೇನ್ ಅಂದರಲ್ಲ, ನಮಗೆ ಒಂದು ಇತ್ತು! 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ (ಓಆರ್‌ಆರ್) ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಬಸ್ಸಿಗೆ ಅಂತ ಲೇನ್ ಮಾಡಿದರು. ಸಣ್ಣ ಸಣ್ಣ ಕಂಬ ನೆಟ್ಟು ಬೇರೆ ಮಾಡಿದ್ದರು. ಬಸ್ ನಿಜವಾಗಿಯೂ ಓಡುತ್ತಿತ್ತು. ಕಾರಿನಲ್ಲಿದ್ದ ಮ್ಯಾನೇಜರ್‌ಗಿಂತ ನಾವು ಮೊದಲು ಆಫೀಸಿಗೆ ಬಂದು ಕಾಫಿ ಕುಡಿಯುತ್ತಿದ್ದ ದಿನಗಳು ಇದ್ದವು. ಆಮೇಲೆ ಕೊರೊನಾ ಬಂತು, ಮೆಟ್ರೋ ಕೆಲಸ ಶುರುವಾಯಿತು, ಲೇನ್ ಮಾಯ. ಮೆಟ್ರೋ ಕಟ್ಟುವ ವರ್ಷಗಳಲ್ಲೇ ತಾನೇ ಬಸ್ಸಿಗೆ ಜಾಸ್ತಿ ಜಾಗ ಬೇಕಿದ್ದದ್ದು?

ಇನ್ನೊಂದು ವಿಷಯ. ಈ ರಸ್ತೆಯಲ್ಲಿ ಅಷ್ಟೊಂದು ಟೆಕ್ ಪಾರ್ಕ್ ಇದೆ. 2014ರಲ್ಲಿ ಮೆಟ್ರೋ ಎರಡನೇ ಹಂತಕ್ಕೆ ಒಪ್ಪಿಗೆ ಕೊಟ್ಟಾಗ ಹೊರವರ್ತುಲ ರಸ್ತೆ ಅದರಲ್ಲಿ ಇರಲೇ ಇಲ್ಲ. ಆಮೇಲೆ 2ಎ, 2ಬಿ ಅಂತ ಸೇರಿಸಿದರು. ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ಕಟ್ಟಡಗಳಿಗೆ ಒಪ್ಪಿಗೆ ಕೊಡುವಾಗ ಇಷ್ಟು ಸಾವಿರ ಜನ ದಿನಾ ಹೇಗೆ ಬರುತ್ತಾರೆ ಎಂದು ಯಾರೂ ಕೇಳಲಿಲ್ಲವಾ?

ಕೊಡಿಗೇಹಳ್ಳಿ ಕಿಟ್ಟಿ

ಕೇಳಿರುತ್ತಾರೆ. "ಪಾರ್ಕಿಂಗ್ ಎಷ್ಟು ಇದೆ" ಅಂತ ಕೇಳಿರುತ್ತಾರೆ 😄

ಹುಬ್ಬಳ್ಳಿ ಮಂದಿ

ಬೆಂಗಳೂರಿನವರ ಮಾತಿನ ಮಧ್ಯೆ ಬರಬಹುದೇನ್ರೀ? ಬಸ್ ಲೇನ್ ಅಂದ್ರೆ ನಮ್ಮೂರಿನ ಹೆಸರು ಯಾರೂ ಹೇಳಲಿಲ್ಲ ನೋಡಿ.

ಹುಬ್ಬಳ್ಳಿ-ಧಾರವಾಡದ ಮಧ್ಯೆ ಬಿಆರ್‌ಟಿಎಸ್ ಇದೆ, ಅಂದ್ರೆ ಬಸ್ಸಿಗೇ ಬೇರೆ ಲೇನ್ ಇರುವ ವ್ಯವಸ್ಥೆ. ಸುಮಾರು 22 ಕಿ.ಮೀ. ಬಸ್ಸಿಗೆ ಚಿಗರಿ ಅಂತ ಹೆಸರು. 2018ರಲ್ಲಿ ಪ್ರಾಯೋಗಿಕವಾಗಿ ಓಡಲು ಶುರು, 2020ರ ಫೆಬ್ರವರಿಯಲ್ಲಿ ಉದ್ಘಾಟನೆ. ರಸ್ತೆಯ ನಟ್ಟ ನಡುವೆ ಸ್ಟೇಷನ್. ಟಿಕೆಟ್ ಅಲ್ಲೇ ತಗೊಂಡು, ಬಸ್ಸಿನ ಮಟ್ಟಕ್ಕೇ ಇರುವ ಪ್ಲಾಟ್‌ಫಾರ್ಮ್‌ನಿಂದ ಒಳಗೆ ಹೆಜ್ಜೆ ಇಡುವುದು. ಮುದುಕರು, ಗರ್ಭಿಣಿಯರು ಮೆಟ್ಟಿಲು ಹತ್ತುವ ಕಷ್ಟ ಇಲ್ಲ. ಎಸಿ ಬಸ್. ಸ್ಟೇಷನ್ ಹತ್ತಿರ ಹಿಂದಿನ ಬಸ್ ಮುಂದಿನದನ್ನು ದಾಟಿ ಹೋಗಲು ಇನ್ನೊಂದು ಲೇನ್ ಇದೆ. ಅದಕ್ಕೇ ಎಲ್ಲೂ ನಿಲ್ಲದ ಬಸ್ಸೂ ಓಡಿಸಬಹುದು, ಎಲ್ಲ ಕಡೆ ನಿಲ್ಲುವ ಬಸ್ಸೂ ಓಡಿಸಬಹುದು. ಈ ಸಣ್ಣ ವಿಷಯ ದೊಡ್ಡ ದೊಡ್ಡ ಊರುಗಳಲ್ಲೂ ಮರೆತಿದ್ದಾರೆ.

ಹಾಗಂತ ಎಲ್ಲ ಚಲೋ ಇದೆ ಅಂತ ಅಲ್ಲ. ಸುಮ್ನೆ ಹೊಗಳಿ ಏನು ಮಾಡೋದು. ಬಸ್ಸಿಗೆ ಜಾಗ ಕೊಟ್ಟ ಮೇಲೆ ಉಳಿದ ಗಾಡಿಗಳಿಗೆ ಉಳಿದ ರಸ್ತೆ ಕೆಲವು ಕಡೆ ಇಕ್ಕಟ್ಟು. ಧಾರವಾಡದ ಟೋಲ್‌ನಾಕಾ ಹತ್ತಿರ ಜೋರು ಮಳೆ ಬಂದರೆ ನೀರು ನಿಲ್ಲುತ್ತೆ. ಕ್ರಾಸಿಂಗ್‌ನಲ್ಲಿ ಚಿಗರಿಯೂ ಸಿಗ್ನಲ್‌ಗೆ ನಿಲ್ಲಬೇಕು. ಬಸ್ಸುಗಳೂ ಹಳೆಯವಾದವು. ಈಗ "ಬಿಆರ್‌ಟಿಎಸ್ ತೆಗೆದು ಬೇರೆ ಏನಾದರೂ ತನ್ನಿ" ಅನ್ನುವ ಕೂಗು ಜೋರಾಗಿದೆ. ನನಗನಿಸುವುದು, ಬಸ್ ಹೆಚ್ಚು ಮಾಡಿ, ನೀರು ಹೋಗಲು ದಾರಿ ಮಾಡಿ, ಸಿಗ್ನಲ್‌ನಲ್ಲಿ ಚಿಗರಿಗೆ ಮೊದಲು ಹಸಿರು ಕೊಡಿ. ಅಷ್ಟು ಮಾಡಿ ನೋಡದೆ ಕಿತ್ತು ಹಾಕಿದರೆ ಹೇಗ್ರೀ?

ಇದೆಲ್ಲದರ ನಡುವೆ ಚೆನ್ನಮ್ಮ ಸರ್ಕಲ್‌ನಲ್ಲಿ ಫ್ಲೈಓವರ್ ಕೆಲಸವೂ ನಡೆದಿದೆ. ಧೂಳು ತಿಂದವರಿಗೇ ಗೊತ್ತು.

ಪ್ಲಾನಿಂಗ್ ಓದುವವಳು

ಹುಬ್ಬಳ್ಳಿ ಅಣ್ಣಾ, ನೀವು ಬಂದದ್ದು ಒಳ್ಳೆಯದಾಯಿತು. ದೆಹಲಿಯ ಬಿಆರ್‌ಟಿ ನೆನಪಾಯಿತು. 2008ರಲ್ಲಿ ತಂದರು, ಕಾರಿನವರು ಗಲಾಟೆ ಮಾಡಿದರು, 2016ರ ಹೊತ್ತಿಗೆ ಕಿತ್ತರು. ಅಹಮದಾಬಾದ್‌ನಲ್ಲಿ 2009ರಲ್ಲಿ ಶುರುವಾದ ಜನಮಾರ್ಗ ಉಳಿದು ಬೆಳೆಯಿತು. ದೆಹಲಿಯದ್ದು ಒಂದು ಸಣ್ಣ ತುಂಡು, ಬೇರೆ ರಸ್ತೆಗಳಿಗೆ ಹಬ್ಬಲೇ ಇಲ್ಲ. ಅಹಮದಾಬಾದಿನದ್ದು ಜಾಲ. ತುಂಡನ್ನು ಬೈದು ಕಿತ್ತು ಹಾಕುವುದು ಸುಲಭ. ಜಾಲವನ್ನು ಲಕ್ಷಾಂತರ ಜನ ಬಳಸುತ್ತಿರುತ್ತಾರೆ, ಮುಟ್ಟಲು ಧೈರ್ಯ ಬರಲ್ಲ.

ಸಿಂಗಾಪುರದಲ್ಲಿರೋ ಸಾಗರದವ

ಸಿಂಗಾಪುರದ ಮಾತು ತಂದರೆ "ಅದು ಶ್ರೀಮಂತ ದೇಶ ಬಿಡಿ" ಅಂತೀರಿ ಎಂದು ಗೊತ್ತು. ಆದರೂ ವರ್ಷಗಳ ಕ್ರಮ ನೋಡಿ. ನಗರದ ಮಧ್ಯಕ್ಕೆ ಕಾರು ತಂದರೆ ದುಡ್ಡು ಕೊಡಬೇಕು ಎನ್ನುವ ಪದ್ಧತಿ ಬಂದದ್ದು 1975ರಲ್ಲಿ. ಮೊದಲ ಎಂಆರ್‌ಟಿ ರೈಲು ಓಡಿದ್ದು 1987ರಲ್ಲಿ. ಅಂದರೆ ಮೆಟ್ರೋ ಬರುವುದಕ್ಕೆ ಹನ್ನೆರಡು ವರ್ಷ ಮೊದಲೇ ಬಸ್ಸುಗಳನ್ನು ಸರಿ ಮಾಡಿಕೊಂಡು ಕಾರಿಗೆ ಲಗಾಮು ಹಾಕಿದರು. ಕಾರು ಕೊಳ್ಳಲು ಪರವಾನಗಿ ಹರಾಜಿನಲ್ಲಿ ಹಿಡಿಯಬೇಕು ಎಂದದ್ದು 1990ರಲ್ಲಿ. ಆಗ ಅದು ಈಗಿನಷ್ಟು ಶ್ರೀಮಂತ ಊರೇನೂ ಆಗಿರಲಿಲ್ಲ.

ಮನೆ ಕಟ್ಟುವವರು, ರೈಲು ಹಾಕುವವರು ಒಂದೇ ನಕ್ಷೆ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಹೊಸ ಟೌನ್ ಮಧ್ಯದಲ್ಲಿ ಸ್ಟೇಷನ್, ಅದರ ಕೆಳಗೇ ಬಸ್ ನಿಲ್ದಾಣ. ಮಳೆಯಲ್ಲಿ ನೆನೆಯದೆ ಮನೆವರೆಗೆ ನಡೆಯಲು ಚಾವಣಿ. ನಾನು ಇಲ್ಲಿಗೆ ಬಂದಾಗ ಬೆರಗಾದದ್ದು ರೈಲು ನೋಡಿ ಅಲ್ಲ, ಆ ಚಾವಣಿ ನೋಡಿ.

ಸ್ಟೀರಿಂಗ್ ಹಿಡಿದವ

ಕಾರು ಕೊಳ್ಳಲು ಹರಾಜು! ಇಲ್ಲಿ ಯಾವ ಸರ್ಕಾರ ತಂದರೂ ಒಂದು ವಾರ ಉಳಿಯಲ್ಲ.

ಸಿಂಗಾಪುರದಲ್ಲಿರೋ ಸಾಗರದವ

ಹರಾಜು ಬೇಡಪ್ಪ. ಫುಟ್‌ಪಾತ್ ಮೇಲೆ ಕಾರು ನಿಲ್ಲಿಸಿದರೆ ದುಡ್ಡು ಅನ್ನೋದರಿಂದ ಶುರು ಮಾಡಿ 🙂

ಓಆರ್‌ಆರ್‌ನಲ್ಲಿ ಬಸವಳಿದವಳು

ಚಾವಣಿ ಅಂದದ್ದು ನೂರಕ್ಕೆ ನೂರು ಸರಿ. ನನ್ನ ಗೆಳತಿ ವೈಟ್‌ಫೀಲ್ಡ್ ಕಡೆ ಕೆಲಸ ಮಾಡುತ್ತಾಳೆ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ-ಕೆ.ಆರ್. ಪುರ ತುಂಡು ಸೇರಿಕೊಂಡ ಮೇಲೆ ನೇರಳೆ ಮಾರ್ಗ ಒಂದೇ ದಾರಿಯಾಯಿತು. ರೈಲಲ್ಲಿ ಆರಾಮು ಅಂತಾಳೆ. ಇಳಿದ ಮೇಲಿನ ಒಂದು ಕಿಲೋಮೀಟರ್‌ಗೆ ಆಟೋದವನ ಜೊತೆ ದಿನಾ ಜಗಳ. ನಡೆಯೋಣ ಅಂದರೆ ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್. 2025ರ ಫೆಬ್ರವರಿಯಲ್ಲಿ ಟಿಕೆಟ್ ದರ ಏರಿಸಿ ಗರಿಷ್ಠ 60 ಇದ್ದದ್ದು 90 ಮಾಡಿದರು. ಎರಡೂ ಸೇರಿಸಿದರೆ ಸ್ಕೂಟರೇ ಅಗ್ಗ ಅಂತ ಸ್ಕೂಟರ್ ತೆಗೆದಳು. ಅವಳ ಮನೆಗೂ ಆಫೀಸಿಗೂ ಹತ್ತಿರ ಮೆಟ್ರೋ ಇದೆ, ಆದರೂ ಹೀಗೆ.

ರಿಟೈರ್ಡ್ ಎಇಇ

ಈಗ ನನ್ನ ಹೊಟ್ಟೆಯೊಳಗಿನ ಮಾತು. ಜಯದೇವ ಆಸ್ಪತ್ರೆ ಮುಂದಿನ ಫ್ಲೈಓವರ್ ನೆನಪಿದೆಯಾ? ಕಟ್ಟಿ ಎರಡು ದಶಕವೂ ಆಗಿರಲಿಲ್ಲ. ಸೇತುವೆ ಅನ್ನೋದು ನೂರು ವರ್ಷ ಬಾಳಬೇಕಾದ ವಸ್ತು. 2020ರ ಜನವರಿಯಲ್ಲಿ ಒಡೆಯಲು ಶುರು ಮಾಡಿದರು. ಎರಡು ಮೆಟ್ರೋ ಮಾರ್ಗ ಅಲ್ಲಿ ಸೇರಬೇಕಿತ್ತು, ಜಾಗ ಇರಲಿಲ್ಲ. ಈಗ ಅಲ್ಲಿ ಕೆಳಸೇತುವೆ, ನೆಲದ ರಸ್ತೆ, ಅದರ ಮೇಲೆ ಫ್ಲೈಓವರ್, ಅದರ ಮೇಲೆ ಎರಡು ಮೆಟ್ರೋ. ಎಂಜಿನಿಯರಿಂಗ್ ಅಂತ ನೋಡಿದರೆ ಸೊಗಸು. ಅದೇ ವರ್ಷ ಪುಣೆಯಲ್ಲೂ ವಿಶ್ವವಿದ್ಯಾಲಯದ ವೃತ್ತದ ಫ್ಲೈಓವರ್ ಇದೇ ಕಾರಣಕ್ಕೆ ಒಡೆದರು.

ಇಂಥ ತೊಂದರೆಗೆ ಒಂದು ಉತ್ತರ ಡಬಲ್ ಡೆಕ್ಕರ್. ಒಂದೇ ಸಾಲು ಕಂಬ, ಕೆಳಗಿನ ಅಟ್ಟದಲ್ಲಿ ಗಾಡಿ, ಮೇಲಿನದರಲ್ಲಿ ರೈಲು. ನಾಗ್ಪುರದ ವಾರ್ಧಾ ರಸ್ತೆಯಲ್ಲಿ 3.14 ಕಿ.ಮೀ. ಹಾಗೆ ಕಟ್ಟಿದರು. ನಮ್ಮಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಇದೆ, 3.3 ಕಿ.ಮೀ. 2024ರ ಜುಲೈನಲ್ಲಿ ಒಂದು ಬದಿ ತೆರೆದರು. ಜಾಗ ಉಳಿಯಿತು, ಒಡೆದು ಕಟ್ಟುವುದು ತಪ್ಪಿತು. ನಾನೂ ಮೆಚ್ಚಿದ್ದೆ.

ಆದರೆ ಈಗ ಮೆಟ್ರೋ ಮೂರನೇ ಹಂತಕ್ಕೂ ಉದ್ದಕ್ಕೂ ಡಬಲ್ ಡೆಕ್ಕರ್ ಬೇಕು ಅಂತಿದ್ದಾರೆ. ಅಲ್ಲಿ ನನಗೆ ಅನುಮಾನ. ಸಿಲ್ಕ್ ಬೋರ್ಡ್‌ನಂಥ ಒಂದು ಗಂಟು ಬಿಡಿಸಲು ಮೂರು ಕಿಲೋಮೀಟರ್ ಕಟ್ಟುವುದು ಒಂದು. ರೈಲಿನ ಪಕ್ಕದಲ್ಲೇ, ಅದೇ ಉದ್ದಕ್ಕೆ, ಕಾರಿಗೂ ಸಿಗ್ನಲ್ ಇಲ್ಲದ ರಸ್ತೆ ಕೊಡುವುದು ಇನ್ನೊಂದು. ರೈಲಿಗೆ ಜನ ಬರಬೇಕು ಎಂದು ಒಂದು ಕೈಯಲ್ಲಿ ಖರ್ಚು ಮಾಡಿ, ಇನ್ನೊಂದು ಕೈಯಲ್ಲಿ ಅವರನ್ನು ಕಾರಿಗೆ ಕರೆದಂತೆ. ಕಂಬ ದಪ್ಪ ಆಗಬೇಕು, ಖರ್ಚು ಏರುತ್ತೆ, ರೈಲು ತಡವಾಗುತ್ತೆ.

ಸ್ಟೀರಿಂಗ್ ಹಿಡಿದವ

ಸರ್, ನೀವು ಹೇಳಿದ ಹತ್ತುವ-ಇಳಿಯುವ ಜಾಗದ ಮಾತು ಒಪ್ಪಿದೆ. ಆದರೆ ಡಬಲ್ ಡೆಕ್ಕರ್ ಬೇಡ ಅನ್ನೋದು ಒಪ್ಪಲ್ಲ. ಒಂದು ಸಲ ರಸ್ತೆ ಅಗೆದು ಕಂಬ ಹಾಕುತ್ತಿದ್ದೀರಿ. ಆ ಅವಕಾಶ ಮತ್ತೆ ಬರಲ್ಲ. ಹತ್ತು ವರ್ಷ ಬಿಟ್ಟು ಬೇಕು ಅನಿಸಿದರೆ ಎಲ್ಲಿ ಕಟ್ಟುತ್ತೀರಿ? ಬೆಂಗಳೂರಿನಲ್ಲಿ ಸಾಮಾನು ಸಾಗಿಸುವ ಟೆಂಪೊ ಮೆಟ್ರೋ ಹತ್ತುತ್ತಾ? ಆಂಬುಲೆನ್ಸ್?

ರಿಟೈರ್ಡ್ ಎಇಇ

ಟೆಂಪೊ ಮಾತು ಸರಿ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಕೆಳಗಿನ ಅಟ್ಟದಲ್ಲಿ ಒಂದು ಲೇನ್ ಬಸ್ಸಿಗೆ, ಆಂಬುಲೆನ್ಸ್‌ಗೆ ಮೀಸಲು ಎಂದು ಬರೆದುಕೊಟ್ಟರೆ ನಾನೂ ಸಹಿ ಹಾಕುತ್ತೇನೆ.

ಪ್ಲಾನಿಂಗ್ ಓದುವವಳು

"ಅವಕಾಶ ಮತ್ತೆ ಬರಲ್ಲ" ಅನ್ನುವುದು ರೈಲಿಗೂ ಹೊಂದುತ್ತೆ. ನಮ್ಮ ಮೊದಲ ಹಂತದ ಪ್ಲಾಟ್‌ಫಾರ್ಮ್‌ಗಳು ಆರು ಬೋಗಿಯ ಉದ್ದಕ್ಕೇ ಇವೆ. 2011ರಲ್ಲಿ ಎಂ.ಜಿ. ರಸ್ತೆಗೆ ಮೂರು ಬೋಗಿಯ ರೈಲು ಬಂದಾಗ ಆರು ಅಂದರೆ ಬೇಕಾದಷ್ಟಾಯಿತು ಅನಿಸಿತ್ತು. 2018ರಲ್ಲಿ ಆರು ಬೋಗಿ ಬಂದವು. ಹಳದಿ ಮಾರ್ಗ ಉದ್ಘಾಟನೆಯಾದ ಮರುದಿನವೇ ನಮ್ಮ ಮೆಟ್ರೋದ ಒಟ್ಟು ದಿನದ ಪ್ರಯಾಣಿಕರು ಹತ್ತು ಲಕ್ಷ ದಾಟಿದರು. ದೆಹಲಿಯಲ್ಲಿ ಎಂಟು ಬೋಗಿಯ ರೈಲು ಓಡುತ್ತವೆ. ನೆಲದಡಿಯ ಮೆಜೆಸ್ಟಿಕ್ ಸ್ಟೇಷನ್ನನ್ನು ಈಗ ಉದ್ದ ಮಾಡಲು ಆಗುತ್ತಾ? ರೈಲುಗಳ ನಡುವಿನ ಅಂತರ ಕಡಿಮೆ ಮಾಡುವುದೊಂದೇ ದಾರಿ.

ಯೋಜನೆ ಮಾಡುವಾಗ ಮೂವತ್ತು ವರ್ಷ ಮುಂದಿನ ಜನಸಂಖ್ಯೆ ಊಹಿಸಬೇಕು. ಊಹೆ ತಪ್ಪುವುದು ಸಹಜ. ಅದಕ್ಕೇ ತಪ್ಪಿದರೆ ಬದಲಿಸಲು ಆಗುವಂಥದ್ದನ್ನು ಮೊದಲು ಮಾಡಿ ನೋಡಬೇಕು. ಬಸ್ ಮಾರ್ಗ ಒಂದು ರಾತ್ರಿಯಲ್ಲಿ ಬದಲಾಗುತ್ತೆ. ಕಾಂಕ್ರೀಟ್ ಆಗಲ್ಲ.

ಕೊಡಿಗೇಹಳ್ಳಿ ಕಿಟ್ಟಿ

ಕಾರಿಗೆ ಅಂತ ಯೋಜಿಸಿರುವ ಸುರಂಗ ರಸ್ತೆಯ ಮಾತು ಯಾರೂ ಎತ್ತಲಿಲ್ಲವಲ್ಲ! ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ, ಸುಮಾರು 17 ಕಿ.ಮೀ., 17 ಸಾವಿರ ಕೋಟಿಗೂ ಮೇಲೆ.

ರಿಟೈರ್ಡ್ ಎಇಇ

ಎರಡು ತುದಿಯ ಹೆಸರು ನೀವೇ ಹೇಳಿದಿರಿ. ಊರಿನ ಎರಡು ಅತಿ ಕೆಟ್ಟ ಗಂಟುಗಳು ಅವೇ. ನೆಲದಡಿ ಇಪ್ಪತ್ತು ನಿಮಿಷದಲ್ಲಿ ಬಂದವನು ಮೇಲೆ ಎದ್ದಾಗ ಎಲ್ಲಿ ಏಳುತ್ತಾನೆ?

ಅದೇ ಹೆಬ್ಬಾಳದಲ್ಲಿ ವಿಮಾನ ನಿಲ್ದಾಣದ ನೀಲಿ ಮೆಟ್ರೋ ಬರಬೇಕು. 2024ರಲ್ಲಿ ಒಪ್ಪಿಗೆ ಸಿಕ್ಕ ಮೂರನೇ ಹಂತದ ಮಾರ್ಗವೂ ಅಲ್ಲಿಗೇ ಬರುತ್ತೆ. ಉಪನಗರ ರೈಲು 148 ಕಿ.ಮೀ., 2020ರಲ್ಲಿ ಒಪ್ಪಿಗೆ. ಅದರ ಮಲ್ಲಿಗೆ ಮಾರ್ಗವೂ ಅಲ್ಲೇ ಹಾದುಹೋಗುತ್ತೆ. ಮೂರು ರೈಲು, ಬಸ್ಸು, ಲೂಪ್, ಸುರಂಗದ ಬಾಯಿ, ಕೆರೆ. ಇವೆಲ್ಲ ಒಂದು ಜಾಗದಲ್ಲಿ. ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರಕ್ಕೆ 2022ರಲ್ಲೇ ಕಾನೂನು ಮಾಡಿದ್ದಾರೆ. ಇವರನ್ನೆಲ್ಲ ಒಂದೇ ಮೇಜಿಗೆ ಕೂರಿಸುವುದು ಅದರ ಕೆಲಸ. ನಾನಾಗಿದ್ದರೆ ಸುರಂಗದ ಟೆಂಡರ್ ಪಕ್ಕಕ್ಕಿಟ್ಟು, ಮೊದಲು ಹೆಬ್ಬಾಳದ ಒಂದು ಚದರ ಕಿಲೋಮೀಟರ್‌ನ ನಕ್ಷೆ ಪೂರ್ತಿ ಬರೆಸುತ್ತಿದ್ದೆ. ನಡೆಯುವವರ ದಾರಿಯಿಂದ ಶುರು.

ಸ್ಟೀರಿಂಗ್ ಹಿಡಿದವ

ನಕ್ಷೆ ಬರೆಯುವಷ್ಟರಲ್ಲಿ ಇನ್ನೊಂದು ಐದು ವರ್ಷ ಹೋಗುತ್ತೆ ಸರ್. ಈಜಿಪುರ ಫ್ಲೈಓವರ್ ನೆನಪು ಮಾಡಿಕೊಳ್ಳಿ, 2017ರಲ್ಲಿ ಶುರುವಾಗಿ ವರ್ಷಗಟ್ಟಲೆ ಬರೀ ಕಂಬ ನಿಂತಿದ್ದವು.

ಹುಬ್ಬಳ್ಳಿ ಮಂದಿ

ನಕ್ಷೆ ಬರೆದರೆ ನಮಗೂ ಒಂದು ಪ್ರತಿ ಕಳಿಸ್ರೀ. ಚೆನ್ನಮ್ಮ ಸರ್ಕಲ್‌ಗೆ ಬೇಕಾಗಿದೆ.

ಓಆರ್‌ಆರ್‌ನಲ್ಲಿ ಬಸವಳಿದವಳು

ಅಷ್ಟರವರೆಗೆ ನಮ್ಮ ಬಸ್ ಲೇನ್ ವಾಪಸ್ ಕೊಡಿ. ಮೆಟ್ರೋ ಬ್ಯಾರಿಕೇಡ್ ತೆಗೆದ ಕಡೆಯೆಲ್ಲ ಕಾರಿಗೆ ಬಿಡುವ ಮೊದಲು ಬಸ್ಸಿಗೆ ಗೆರೆ ಎಳೆಯಿರಿ ಎಂದು ಒಂದು ಮನವಿ ಬರೆಯುತ್ತಿದ್ದೇನೆ. ಸಹಿ ಹಾಕುವವರು ಇಲ್ಲೇ ಹೇಳಿ. ಎಇಇ ಸರ್, ಆ ಗಂಟೆಗೆ 3,600 ಜನರ ಲೆಕ್ಕ ಅದರಲ್ಲಿ ಸೇರಿಸಲಾ?

ರಿಟೈರ್ಡ್ ಎಇಇ

ಸೇರಿಸಮ್ಮ. ಬಸ್ ನಿಮಿಷಕ್ಕೊಂದು ಇರಬೇಕು ಅಂತಲೂ ಬರಿ. ಬರೀ ಗೆರೆ ಎಳೆದು ಬಸ್ ಬಿಡದಿದ್ದರೆ "ಥಿಯರಿ ಹೇಳುವುದು ಸುಲಭ" ಎಂದು ಸ್ಟೀರಿಂಗ್ ಸಾಹೇಬರು ಹೇಳಿದ್ದೇ ನಿಜವಾಗುತ್ತೆ.